ಎಡಗೈ ಸಂಘಕ್ಕೆ ಠಸ್ಸೆಯಪ್ಪನವರ ಪ್ರವೇಶ

ಠಸ್ಸೆಯಪ್ಪನವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅಂಚೆ ಕಚೇರಿಯಲ್ಲಿ ಜೀವಮಾನವಿಡೀ ಕಾಗದಗಳ ಮೇಲೆ ಠಪ್ ಠಪ್ ಎಂದು ಠಸ್ಸೆ ಒತ್ತಿ ಒತ್ತಿ, ಆ ಹೆಸರೂ ಅದರಡಿ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಈಗ ಅದನ್ನು ಬಲ್ಲವರು ಪಿಂಚಣಿ ಕಚೇರಿಯವರು ಮಾತ್ರ. ನಿವೃತ್ತಿಯ ಆದೇಶ ಠಸ್ಸೆಯಪ್ಪನವರಿಗೆ ಮುಟ್ಟಿತ್ತೇ ಹೊರತು ಅವರ ಬಲಗೈಗೆ ಮುಟ್ಟಿರಲಿಲ್ಲ. ಮೇಜಿನ ಮೇಲೆ ಕಾಗದ ಕಂಡರೆ ಸಾಕು, ಮುಷ್ಟಿ ತಾನಾಗಿ ಏಳುತ್ತಿತ್ತು, ತಾನಾಗಿ ಬೀಳುತ್ತಿತ್ತು. ಬೀದಿ ಕೊನೆಯ ಹೋಟೆಲಿನವರು ಅವರ ಮುಂದೆ ಬಿಲ್ಲು ಇಡುವ ಮೊದಲು ಗಾಜಿನ ಲೋಟ ಎತ್ತಿಕೊಳ್ಳುವುದನ್ನು ಕಲಿತಿದ್ದರು.

ಅವರ ಹೆಂಡತಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಕೆ ಬಾಗಿಲ ಹಿಂದೆ ನೇತುಹಾಕಿದ ಕೋಟಿಗೆ "ಬನ್ನಿ, ಯಾವಾಗ ಬಂದ್ರಿ? ಕೂತ್ಕೊಳ್ಳಿ" ಎಂದು ಉಪಚಾರ ಹೇಳಿದಾಗ ಇಬ್ಬರೂ ನಕ್ಕರು. ಕೋಟು ಕೂರದೇ ಇದ್ದಾಗ "ಬಹಳ ಸಂಕೋಚದ ಮನುಷ್ಯ" ಎಂದು ಆಕೆ ಒಳಗೆ ಹೋದಾಗಲೂ ಠಸ್ಸೆಯಪ್ಪನವರು ನಕ್ಕರು. ಆದರೆ ಒಂದು ದಿನ ಆಕೆ ಮಹಡಿಯ ತುದಿಯಲ್ಲಿ, ಮೆಟ್ಟಿಲೇ ಇಲ್ಲದ ಕಡೆ ಮೆಟ್ಟಿಲಿದೆ ಎಂದು ಕಾಲಿಟ್ಟರು. ಕಂಬಿ ಕೈಗೆ ಸಿಕ್ಕಿದ್ದರಿಂದ ಉಳಿದರು. ಅಂದಿನಿಂದ ಠಸ್ಸೆಯಪ್ಪನವರ ನಗು ನಿಂತುಹೋಯಿತು.

ದೊಡ್ಡಾಸ್ಪತ್ರೆಯ ಕಿಟಕಿಯ ಹಿಂದಿನ ಗುಮಾಸ್ತ ತಲೆ ಎತ್ತದೆ ಹೇಳಿದ:

"ಸರದಿ ಇದೆ. ಮುಂದಿನ ವರ್ಷ ಇಷ್ಟೊತ್ತಿಗೆ ಬನ್ನಿ."

"ಅಷ್ಟರಲ್ಲಿ ಪೂರ್ತಿ ಕಾಣದೇ ಹೋದ್ರೆ?"

"ಅದಕ್ಕೆ ಬೇರೆ ಕಿಟಕಿ."

ಖಾಸಗಿ ಆಸ್ಪತ್ರೆಯವರ ಲೆಕ್ಕ ಕೇಳಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಯಲ್ಲಿ ಆಗಲೇ ಒಬ್ಬರಿಗೆ ಕಣ್ಣು ಕತ್ತಲೆ ಇರುವಾಗ ಇನ್ನೊಬ್ಬರಿಗೂ ಬರುವುದು ಸಂಸಾರಕ್ಕೆ ಒಳ್ಳೆಯದಲ್ಲ ಎಂದು ಅವರು ಹೊರಬಿದ್ದರು.

ಹಿರಿಯರ ಸಂಘಗಳಿಗೆ ಸೇರಿದರೆ ಆಸ್ಪತ್ರೆ ಸೌಲಭ್ಯ ಸಿಗುತ್ತದೆ ಎಂದು ಯಾರೋ ಹೇಳಿದರು. ಠಸ್ಸೆಯಪ್ಪನವರು ಸಂಘಸಂಘ ಸುತ್ತಿದರು. ನಡಿಗೆ ಸಂಘದವರು ಮಂಡಿ ಮಾತ್ರ ನೋಡಿಸುತ್ತಿದ್ದರು. ರೈಲಿನವರ ಸಂಘಕ್ಕೆ ರೈಲು ಓಡಿಸಿರಬೇಕಿತ್ತು. ಚದುರಂಗದ ಸಂಘದವರು "ಯೋಚನೆ ಮಾಡಿ ಹೇಳ್ತೀವಿ" ಎಂದವರು ಇನ್ನೂ ಯೋಚನೆ ಮಾಡುತ್ತಿದ್ದರು.

ಹೀಗಿರುವಾಗ ಒಂದು ಹಳೆಯ ಕಟ್ಟಡದಲ್ಲಿ "ಹಿರಿಯರ ಸಂಘ" ಎಂಬ ಫಲಕ ಕಂಡಿತು. ಫಲಕದ ಮೊದಲರ್ಧವನ್ನು ತೆರೆದ ಬಾಗಿಲು ಮುಚ್ಚಿತ್ತು. ಅರ್ಧ ಫಲಕ ನೋಡಿ ಪೂರ್ತಿ ನಂಬುವುದು ಠಸ್ಸೆಯಪ್ಪನವರ ಸ್ವಭಾವ. ಬಲಗೈಯಲ್ಲಿ ಕೊಡೆ, ಕಂಕುಳಲ್ಲಿ ಹೆಂಡತಿಯ ಕಣ್ಣಿನ ಕಾಗದಗಳ ಚೀಲ ಹಿಡಿದು ಒಳಗೆ ಕಾಲಿಟ್ಟರು.

"ಹಿಡೀರಿ!" ಎಂದು ಯಾರೋ ಕೂಗಿದರು. ಕೀಲಿ ಗೊಂಚಲೊಂದು ಹಾರಿ ನೇರ ಅವರ ಮೂಗಿನ ಕಡೆಗೆ ಬಂತು.

ಬಲಗೈಯಲ್ಲಿ ಕೊಡೆ ಇತ್ತು. ಮೂಗು ಉಳಿಸಿಕೊಳ್ಳಲು ಎಡಗೈಯೇ ಗತಿಯಾಯಿತು. ಹಿಡಿದರು.

ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡಿದ್ದ ವೃದ್ಧರೊಬ್ಬರು ಓಡಿಬಂದು ಅವರ ಎಡಗೈಯನ್ನು ತಮ್ಮ ಎಡಗೈಯಿಂದ ಕುಲುಕಿದರು. "ನಮ್ಮವರೇ! ನೋಡಿದ ಕೂಡ್ಲೇ ಗೊತ್ತಾಯ್ತು! ನಾನು ಈ ಸಂಘದ ಕಾರ್ಯದರ್ಶಿ, ದರ್ಜಿ. ನಿಜವಾದ ಎಡಗೈಯವರನ್ನ ಹೀಗೇ ಪರೀಕ್ಷೆ ಮಾಡೋದು. ಕೇಳಿದ್ರೆ ಎಲ್ರೂ ಹೌದು ಅಂತಾರೆ, ಎಸೆದ್ರೆ ಮಾತ್ರ ಸತ್ಯ ಹೊರಗೆ ಬರತ್ತೆ."

ಆಗ ಠಸ್ಸೆಯಪ್ಪನವರು ಸುತ್ತ ನೋಡಿದರು. ಎಲ್ಲರೂ ಎಡಗೈಯಲ್ಲಿ ಚಹಾ ಕಲಕುತ್ತಿದ್ದರು. ಗೋಡೆಯ ಮೇಲೆ ಕತ್ತರಿ ಹಿಡಿದ ಒಬ್ಬ ಮನುಷ್ಯನ ಚಿತ್ರವಿತ್ತು. ಆತ ಚಿಕ್ಕವನಿದ್ದಾಗ ಎಡಗೈಯಲ್ಲಿ ಬರೆಯುತ್ತಾನೆಂದು ಮೇಷ್ಟ್ರಿಂದ ಗೆಣ್ಣು ಊದುವಷ್ಟು ಏಟು ತಿಂದವನು. ದೊಡ್ಡವನಾಗಿ ಕತ್ತರಿ ಕಾರ್ಖಾನೆ ಕಟ್ಟಿ, ಆಸ್ತಿಯೆಲ್ಲ ಒಂದು ಆಸ್ಪತ್ರೆಗೆ ಬಿಟ್ಟುಹೋಗಿದ್ದ. ಷರತ್ತು ಒಂದೇ: ವಯಸ್ಸಾದ ಎಡಗೈಯವರಿಗೂ ಅವರ ಬಾಳಸಂಗಾತಿಗೂ ಕಣ್ಣು, ಹಲ್ಲು, ಕೀಲು, ಎಲ್ಲಕ್ಕೂ ಉಚಿತ ಚಿಕಿತ್ಸೆ.

"ಮನೆಯವರಿಗೆ ಪೊರೆನಾ?" ದರ್ಜಿ ಚೀಲದ ಕಾಗದ ತಿರುವಿಹಾಕಿದರು. "ಮುಂದಿನ ತಿಂಗಳೇ ತೆಗೆಸಿಬಿಡೋಣ. ಅದಕ್ಕೆ ಮುಂಚೆ ಡಾಕ್ಟ್ರೂ ನಾನೂ ಒಂದ್ಸಲ ಮನೆಗೆ ಬಂದು ಹೋಗ್ತೀವಿ. ಈಚೆಗೆ ಕೆಲವರು ಬಲಗೈಯವರೂ ನುಗ್ಗೋಕೆ ನೋಡ್ತಾರೆ. ನಾಚಿಕೆ ಇಲ್ದೋರು!"

"ಛೆ! ಎಂಥೆಂಥ ಜನ!" ಎಂದರು ಠಸ್ಸೆಯಪ್ಪನವರು. ಬಾಯಿ ಆ ಮಾತಾಡಿದಾಗ ಬಲಗೈಗೆ ಬೇಸರವಾಗಿ ಕೊಡೆ ಬಿಟ್ಟಿತು.

ಮನೆಗೆ ಬಂದು ಹೆಂಡತಿಗೆ ಏನು ಹೇಳುವುದು? ಆಕೆ ಅಂಗಡಿಯವನು ಮರೆತು ಹಾಕಿದ ಒಂದು ಸಾಬೂನು ಹಿಂತಿರುಗಿಸಲು ಉರಿಬಿಸಿಲಲ್ಲಿ ಎರಡು ಬೀದಿ ನಡೆದು ಹೋದ ಹೆಂಗಸು. ನಿಜ ಹೇಳಿದರೆ ಕಣ್ಣು ಮುಚ್ಚಿಕೊಂಡೇ ಇದ್ದುಬಿಡುತ್ತಾರೆ. ಅದಕ್ಕೇ ಠಸ್ಸೆಯಪ್ಪನವರು ಎದೆ ಉಬ್ಬಿಸಿ, ಇಲಾಖೆಯ ಮಂತ್ರಿಯ ದನಿ ತೆಗೆದರು:

"ನನ್ನ ಸೇವೆ ಮೆಚ್ಚಿ ನಮ್ಮ ಇಲಾಖೆಯೋರು ಒಂದು ಆಸ್ಪತ್ರೆಯ ಗೌರವ ಸದಸ್ಯತ್ವ ಕೊಟ್ಟಿದ್ದಾರೆ ಕಣೇ. ಮುಂದಿನ ತಿಂಗಳೇ ನಿನ್ನ ಕಣ್ಣಿನ ಆಪರೇಷನ್. ನಾನು ಬೇಡ ಬೇಡ ಅಂದೆ. ಕೇಳಬೇಕಲ್ಲ!"

"ಪರವಾಗಿಲ್ವೇ!" ಎಂದು ಹೆಂಡತಿ ಕೋಟಿನ ಕಡೆ ತಿರುಗಿ ಹೆಮ್ಮೆಯಿಂದ ನಕ್ಕರು.

ಅಂದಿನಿಂದ ಠಸ್ಸೆಯಪ್ಪನವರ ಎಡಗೈ ಅಭ್ಯಾಸ ಎಡಬಿಡದೆ ಸಾಗಿತು. ಸಂಘದವರು ಯಾವ ಮೂಲೆಯಲ್ಲಿ ನಿಂತು ನೋಡುತ್ತಿರುತ್ತಾರೋ ಯಾರಿಗೆ ಗೊತ್ತು! ಹಲ್ಲುಜ್ಜುವ ಬ್ರಷ್ಷು ಮೊದಲು ಮೂಗಿಗೆ ಹೋಯಿತು, ಆಮೇಲೆ ಕೆನ್ನೆಗೆ ಹೋಯಿತು, ಹೀಗೆ ಊರೆಲ್ಲ ಸುತ್ತಿ ಬಾಯಿಗೆ ಬಂತು. ಗಡ್ಡ ಹೆರೆದುಕೊಂಡ ಮುಖ ನೋಡಿದವರು ಮನೆಯಲ್ಲಿ ಬೆಕ್ಕು ಸಾಕಿದ್ದಾರೆಂದು ತಿಳಿದರು. ಚಹಾ ಕುಡಿದ ಮೇಲೆ ಅವರಿಗಿಂತ ಅವರ ಅಂಗಿಯೇ ಹೆಚ್ಚು ಚೇತರಿಸಿಕೊಂಡಿರುತ್ತಿತ್ತು. ಇಷ್ಟಾದರೂ ಬಲಗೈ ಮಾತ್ರ ಎಲ್ಲದಕ್ಕೂ ಮುಂದೆ ಹಾರುತ್ತಿತ್ತು. ಕೊನೆಗೆ ಅದನ್ನು ಕೋಟಿನ ಜೇಬಿಗೆ ತುರುಕಿ, ತೋಳಿಗೂ ಜೇಬಿಗೂ ಸೇರಿಸಿ ಪಿನ್ನು ಚುಚ್ಚಿ ಬಂದೋಬಸ್ತು ಮಾಡಿದರು.

ಪಕ್ಕದ ಮನೆಯಲ್ಲಿ ಸುದ್ದಿಯಕ್ಕ ಇದ್ದರು. ಬೀದಿಗೆ ಏನಾದರೂ ಗೊತ್ತಾಗಬೇಕೆಂದರೆ ಅದು ಮೊದಲು ಅವರಿಗೆ ಗೊತ್ತಾಗಬೇಕು ಎಂಬುದು ಅಲ್ಲಿನ ಕಾನೂನು. ಠಸ್ಸೆಯಪ್ಪನವರು ಎಡಗೈಯಲ್ಲಿ ಬೀಗದ ಕೀಲಿಯನ್ನು ಬೀಗದ ಸುತ್ತ ಪ್ರದಕ್ಷಿಣೆ ಹಾಕಿಸುತ್ತಿದ್ದುದನ್ನು ಆಕೆ ಸ್ವಲ್ಪ ಹೊತ್ತು ನೋಡಿದರು.

"ಅಣ್ಣಾ, ಬಲಗೈಗೆ ಏನಾಯ್ತು?"

"ಏನಿಲ್ವಲ್ಲ."

"ಎಲ್ಲಿ, ಎತ್ತಿ ನೋಡೋಣ?"

ಎತ್ತಿದರು. ಕೋಟೆಲ್ಲ ಮೇಲೆದ್ದಿತು, ಕೈ ಏಳಲಿಲ್ಲ. ಎದುರು ಬದಿಯಲ್ಲಿ ನಿಂತಿದ್ದ ಒಬ್ಬ ಮುದುಕ ಸಂಘದವನಂತೆ ಕಂಡ. ಠಸ್ಸೆಯಪ್ಪನವರು ದನಿ ತಗ್ಗಿಸಿ, "ಈಗ ಎತ್ತೋ ಹಾಗಿಲ್ಲಮ್ಮ. ಯಾರಿಗೂ ಹೇಳ್ಬೇಡ" ಎಂದರು.

ಸುದ್ದಿಯಕ್ಕನಿಗೆ "ಯಾರಿಗೂ ಹೇಳ್ಬೇಡ" ಎನ್ನುವುದೂ, ಬೆಂಕಿಗೆ "ಉರಿಬೇಡ" ಎಂದು ಸೀಮೆಎಣ್ಣೆ ಕೈಲಿ ಹಿಡಿದು ಹೇಳುವುದೂ ಒಂದೇ. ಇವರ ಬೀಗ ತೆರೆಯುವಷ್ಟರಲ್ಲಿ ಬೀದಿಯ ಬಾಯಿಗಳೆಲ್ಲ ತೆರೆದಿದ್ದವು: ಠಸ್ಸೆಯಪ್ಪನವರಿಗೆ ಲಕ್ವ ಹೊಡೆದಿದೆ! ಬಲಗಡೆ ಪೂರ್ತಿ ಹೋಗಿದೆ!

ಮಾರನೆಯ ದಿನದಿಂದ ಜನ ಅವರೊಡನೆ ಕೂಗಿ ಕೂಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಕೈ ಹೋದರೆ ಕಿವಿಯೂ ಹೋಗುತ್ತದೆಂದು ಅವರ ನಂಬಿಕೆ. ಕ್ಷೌರದಂಗಡಿಯವನು ಅವರ ಕೆನ್ನೆಯ ಗಾಯಗಳನ್ನು ನೋಡಿ ಕಣ್ಣೊರೆಸಿಕೊಂಡು, "ಇನ್ಮೇಲೆ ಮನೆಗೇ ಬರ್ತೀನಿ ಸಾರ್" ಎಂದ. ಮನೆ ತುಂಬ ಕಿತ್ತಳೆ ಹಣ್ಣಿನ ಬುಟ್ಟಿಗಳು ಬಂದು ಕೂತವು. ರೋಗಿಗೆ ಕಿತ್ತಳೆ ಕೊಡಬೇಕೆಂದು ಜನರಿಗೆ ಯಾರು ಕಲಿಸಿದರೋ, ರೋಗಿಗಳನ್ನು ಯಾರೂ ಕೇಳಿದಂತಿಲ್ಲ.

ಆಮೇಲೆ ಬಾಮೈದ ಬಂದ. ಔಷಧಿ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂತಿದ್ದವನಾದ್ದರಿಂದ ತನ್ನನ್ನು ತಾನು ಮುಕ್ಕಾಲು ಡಾಕ್ಟರು ಎಂದುಕೊಂಡಿದ್ದ.

"ಭಾವ, ನಗಿ."

"ಯಾಕೋ?"

"ನಗಿ ಅಂದ್ರೆ ನಗ್ಬೇಕು."

ನಕ್ಕರು.

"ಅಯ್ಯಯ್ಯೋ! ಅಕ್ಕಾ, ಬಾಯಿ ಒಂದು ಕಡೆಗೆ ಎಳೀತಿದೆ!"

"ಅದು ಮದುವೆ ಫೋಟೋದಲ್ಲೂ ಹಾಗೇ ಇದ್ಯಲ್ಲೋ" ಎಂದರು ಅಕ್ಕ.

"ಭಾವ, ನಾನು ಯಾರು ಹೇಳಿ ನೋಡೋಣ?"

"ಕತ್ತೆ."

ಬಾಮೈದ ಅಕ್ಕನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ನೆನಪೂ ಹೋಗಿದೆ."

ಅವನು ಹೋದ ಮೇಲೆ ಹೆಂಡತಿ ಗೋಡೆ ಸವರುತ್ತ ಬಂದು ಗಂಡನ ಪಕ್ಕ ಕೂತರು. ಕೋಟಿನ ಮೇಲಿನಿಂದಲೇ ಆ ಕೈಯನ್ನು ಹಿಡಿದುಕೊಂಡರು.

"ರೀ, ನಂಗೆ ಆಪರೇಷನ್ ಬೇಡ."

"ಏನೇ ಹಾಗಂದ್ರೆ?"

"ನಿಮ್ಮ ಇಲಾಖೆಯೋರಿಗೆ ಹೇಳಿ, ಆ ಗೌರವಾನ ನಿಮ್ಮ ಕೈಗೆ ಬದಲಾಯಿಸಿ ಕೊಡ್ಲಿ. ಮನೆಯೊಳಗೆ ಎಲ್ಲಿ ಏನಿದೆ ನಂಗೆ ಅಂದಾಜಿದೆ. ನೀವು ಮೊದಲು ನೆಟ್ಟಗಾಗಿ."

"ಲೇ, ನನ್ನ ಕೈ ಕಲ್ಲುಗುಂಡಿನ ಹಾಗಿದೆ ಕಣೇ!"

"ತಮ್ಮ ಹೇಳ್ದ. ಏನೂ ಆಗಿಲ್ಲ ಅನ್ನೋದೇ ಆ ಕಾಯಿಲೆಯ ಮೊದಲ ಲಕ್ಷಣವಂತೆ."

ಕಾಯಿಲೆ ಇದೆ ಎಂದರೆ ಇದೆ, ಇಲ್ಲ ಎಂದರೆ ಜಾಸ್ತಿ ಇದೆ. ಇನ್ನು ನಾಲ್ಕೇ ದಿನ, ಡಾಕ್ಟರು ಬಂದು ಹೋಗಲಿ, ಈಕೆಯ ಆಪರೇಷನ್ನು ಗೊತ್ತಾಗಲಿ, ಆಮೇಲೆ ಕಾಲಿಗೆ ಬಿದ್ದಾದರೂ ನಿಜ ಹೇಳುತ್ತೇನೆ ಎಂದು ಠಸ್ಸೆಯಪ್ಪನವರು ಅಂದುಕೊಂಡರು. ಬೀಳಲು ಎರಡು ಕೈಯೂ ಬೇಕಾಗುತ್ತದೆ, ಬಲಗೈಗೂ ಅಂದೇ ಬಿಡುಗಡೆ ಎಂಬುದೊಂದೇ ಆಗ ಅವರಿಗಿದ್ದ ಸಮಾಧಾನ.

ಡಾಕ್ಟರು ಬಂದ ದಿನ ಮನೆ ಎಡಗೈಯವರ ಅರಮನೆಯಂತೆ ಸಜ್ಜಾಗಿತ್ತು. ಚಹಾ ಕಪ್ಪುಗಳ ಕಿವಿಗಳೆಲ್ಲ ಎಡಕ್ಕೆ ತಿರುಗಿದ್ದವು. ಡಾಕ್ಟರು ಚುರುಕಿನ ಹುಡುಗಿ. ಒಂದು ಚೀಲ, ಎರಡು ಕಣ್ಣು, ಮೂರು ಪ್ರಶ್ನೆ, ಮುಗಿಸಿ ಹೋಗುವವಳು. ದರ್ಜಿ ಕಾರ್ಯದರ್ಶಿ ಮನೆಯನ್ನೆಲ್ಲ ನೋಡಿ ಮೆಚ್ಚಿ ತಲೆದೂಗಿದರು. ಹೆಂಡತಿ ಮೂಲೆಯ ಕುರ್ಚಿಯಲ್ಲಿ, ತೊಡೆಯ ಮೇಲೆ ಕಿತ್ತಳೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಬಾಮೈದ ಎಲ್ಲಿಂದಲೋ ತಂದ ಗಾಲಿಕುರ್ಚಿಯನ್ನು ತಳ್ಳುತ್ತ ಒಳಗೆ ನುಗ್ಗಿದ. ಹಿಂದೆ ಸುದ್ದಿಯಕ್ಕ.

"ಡಾಕ್ಟ್ರಮ್ಮ ಬಂದ್ರಾ! ದೇವರು ಕಳಿಸ್ದ ಹಾಗೆ ಬಂದ್ರಿ. ಅಣ್ಣಂಗೆ ಬಲಗೈ ಹೋಗ್ಬಿಟ್ಟಿದೆ!"

ದರ್ಜಿ ನಕ್ಕರು. "ಹೋದ್ರೆ ಹೋಗ್ಲಿ ಬಿಡಿ ತಾಯಿ. ಅದನ್ನ ಇವ್ರು ಯಾವತ್ತು ಬಳಸಿದ್ರು?"

"ಏನಂದ್ರಿ? ಆಯಸ್ಸೆಲ್ಲಾ ಆ ಕೈಲೇ ಠಸ್ಸೆ ಒತ್ತಿದೋರು! ಆ ಸದ್ದಿಗೆ ಅಂಚೆ ಕಚೇರಿ ಗೋಡೆಗೆ ಬಿರುಕು ಬಿಟ್ಟಿತ್ತು!"

"ಎಡಗೈಲಿ ಒತ್ತಿರ್ತಾರೆ."

"ಎಡಗೈಲಿ ಇವ್ರು ಮೂಗೂ ಒರೆಸ್ಕೊಂಡಿಲ್ಲ!" ಎಂದ ಬಾಮೈದ. "ಭಾವ, ಹೇಳಿ ಭಾವ. ಓಹ್, ಪಾಪ, ಮಾತೂ ಹೋಯ್ತಾ?"

ಡಾಕ್ಟರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. "ಸರ್, ನೀವೇ ಹೇಳಿ. ಈ ಕೈ ಯಾವಾಗಿಂದ ಹೀಗಿದೆ?"

ಹುಟ್ಟಿದಾಗಿನಿಂದ ಎಂದರೆ ಬೀದಿಯೇ ಸಾಕ್ಷಿ ನಿಂತಿದೆ. ಈಚೆಗೆ ಎಂದರೆ ಸಂಘ ಹೋಯಿತು, ಸಂಘದ ಜೊತೆ ಹೆಂಡತಿಯ ಕಣ್ಣೂ ಹೋಯಿತು. ಠಸ್ಸೆಯಪ್ಪನವರು ಎರಡೂ ಕಡೆಯವರನ್ನು ನೋಡಿ, ಯಾರಿಗೂ ಬೇಸರವಾಗದಂತೆ ಉತ್ತರಿಸಿದರು:

"ಹುಟ್ಟಿದಾಗಿಂದ... ಅಂದ್ರೆ, ಹೋದ ತಿಂಗಳು ಹುಟ್ಟಿದಾಗಿಂದ."

ಡಾಕ್ಟರು ಕೋಟಿನ ತೋಳು ಮುಟ್ಟಿ ನೋಡಿದಳು. ಪಿನ್ನು ಸಿಕ್ಕಿತು. ಇನ್ನೊಂದು ಸಿಕ್ಕಿತು. ದರ್ಜಿ ಬಗ್ಗಿ ನೋಡಿ "ಇಂಥಾ ಒಳ್ಳೆ ಬಟ್ಟೆಗೆ ಹೀಗೆ ಚುಚ್ಚೋದಾ?" ಎಂದು ನೊಂದುಕೊಂಡರು. ಕೈ ಹೊರಬಂತು. ಅದನ್ನು ಮಡಿಸಿ, ಬಿಡಿಸಿ ನೋಡಿದ ಡಾಕ್ಟರು, "ಎತ್ತು ಕೂಡ ಇಷ್ಟು ಗಟ್ಟಿ ಇರಲ್ಲ" ಎಂದು ಹೇಳಿ, ತನ್ನ ಕಾಗದವನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಶಾಯಿ ಡಬ್ಬಿ ಇಟ್ಟು, ಅದರ ಮೇಲೆ ಆಸ್ಪತ್ರೆಯ ಠಸ್ಸೆ ಇಟ್ಟಳು.

ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಇಷ್ಟು ದಿನ ಜೇಬಿನ ಸೆರೆಮನೆಯಲ್ಲಿದ್ದ ಬಲಗೈ ತನ್ನ ಹಳೆಯ ಗೆಳೆಯನನ್ನು ಕಂಡಿತು.

ಠಪ್!

ಗಾಲಿಕುರ್ಚಿ ಒಂದಡಿ ಹಿಂದೆ ಸರಿಯಿತು. ಕಾಗದದ ಬಲತುದಿಯಲ್ಲಿ, ಒಂದು ಕೂದಲೆಳೆಯೂ ಓರೆಯಿಲ್ಲದೆ, "ಪರಿಶೀಲಿಸಲಾಗಿದೆ" ಎಂಬ ಅಕ್ಷರ ಮೂಡಿತ್ತು.

"ಲಕ್ವ ವಾಸಿಯಾಯ್ತು!" ಎಂದು ಸುದ್ದಿಯಕ್ಕ ಕಿರುಚಿದರು.

ಇನ್ನು ಮುಚ್ಚಿಡಲು ಠಸ್ಸೆಯಪ್ಪನವರಲ್ಲಿ ಕೈಯೂ ಉಳಿದಿರಲಿಲ್ಲ, ಬಾಯೂ ಉಳಿದಿರಲಿಲ್ಲ. "ನಾನು ಬಲಗೈಯವನು ಸ್ವಾಮಿ" ಎಂದರು ದರ್ಜಿಗೆ. "ಅವತ್ತು ಕೈಯಲ್ಲಿ ಕೊಡೆ ಇತ್ತು. ನೀವು ಮುಂದಿನ ತಿಂಗಳೇ ಆಪರೇಷನ್ ಅಂದ್ರಿ. ಇವಳು ಮೆಟ್ಟಿಲಿಲ್ಲದ ಕಡೆ ಕಾಲಿಟ್ಟಿದ್ದು ಕಣ್ಮುಂದೆ ಬಂತು. ಬಾಯಿ ಮುಚ್ಕೊಂಡೆ."

ದರ್ಜಿ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ನಾವು ಏಟು ತಿಂದು ಎಡಗೈಯವರಾಗಿ ಉಳಿದೋರು ಸಾರ್. ನೀವು ಪಿನ್ನು ಚುಚ್ಕೊಂಡು ಆಗೋಕೆ ಬಂದ್ರಿ. ನಿಮ್ಮ ಕಷ್ಟ ಅರ್ಥ ಆಗತ್ತೆ. ಆದ್ರೆ ನಿಯಮ ನನ್ನದಲ್ಲ." ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು.

ಮೂಲೆಯಿಂದ ಹೆಂಡತಿಯ ದನಿ ಬಂತು.

"ಹಾಗಾದ್ರೆ ಲಕ್ವ ಇಲ್ಲ?"

"ಇಲ್ಲ ಕಣೇ."

"ಇಲಾಖೆಯೋರ ಗೌರವ?"

"ಅದೂ ಇಲ್ಲ ಕಣೇ."

"ನಾನು ದಿನಾ ಗೋಡೆ ಕಡೆ ತಿರುಗಿ ಅತ್ತಿದ್ದು?"

ಠಸ್ಸೆಯಪ್ಪನವರು ಬಾಯಿ ತೆರೆದರು. ಅದರೊಳಗಿಂದ ಮಾತು ಬರುವ ಮೊದಲೇ ಒಂದು ಕಿತ್ತಳೆ ಹಣ್ಣು ಗಾಳಿ ಸೀಳಿ ಬಂದು ಅವರ ಹಣೆಗೆ ಬಡಿಯಿತು. "ಅಯ್ಯೋ!" ಎಂದು ಕುರ್ಚಿಯ ಹಿಂದೆ ಓಡಿದರು. ಆ "ಅಯ್ಯೋ"ವನ್ನೇ ಗುರಿಯಾಗಿಟ್ಟು ಎರಡನೆಯದು ಬಂದು ಕಿವಿಗೆ ಬಿತ್ತು. "ಬಿಡೇ, ಜನ ನೋಡ್ತಿದಾರೆ!" ಎಂದದ್ದಕ್ಕೆ ಮೂರನೆಯದು ಸರಿಯಾಗಿ ಬೋಳು ನೆತ್ತಿಯ ಮೇಲೆ. ಕಣ್ಣು ಕಾಣದ ಹೆಂಗಸು ಬರೀ ದನಿ ಹಿಡಿದು ಎಸೆಯುತ್ತಿದ್ದರು, ಒಂದೂ ಗುರಿ ತಪ್ಪಲಿಲ್ಲ.

ಬಾಗಿಲವರೆಗೆ ಹೋಗಿದ್ದ ದರ್ಜಿ ನಿಂತರು. ತಿರುಗಿದರು. ಅಳತೆ ಪಟ್ಟಿ ಕೊರಳಿಂದ ಜಾರಿತು.

"ಡಾಕ್ಟ್ರೇ, ನೋಡಿದ್ರಾ?"

"ಏನು, ಹಣ್ಣಾ?"

"ಕೈ! ಕೈ ನೋಡಿ! ಆ ಭುಜ ತಿರುಗಿದ ರೀತಿ! ಅಮ್ಮಾ ತಾಯಿ, ದಯವಿಟ್ಟು ಇನ್ನೊಂದು ಎಸೀರಿ!"

"ಎಸೀಬೇಡ!" ಎಂದಿತು ಕುರ್ಚಿಯ ಹಿಂದಿನ ದನಿ. ನಾಲ್ಕನೆಯದು ಆ ದನಿಯನ್ನೂ ಮುಚ್ಚಿಸಿತು.

ಎಡಗೈ. ನಾಲ್ಕು ಸಲವೂ ಎಡಗೈ.

ಎಲ್ಲರೂ ಮೌನವಾದದ್ದು ಕೇಳಿ ಹೆಂಡತಿಗೆ ಎಚ್ಚರವಾಯಿತು. ಸಕ್ಕರೆ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದ ಮಗುವಿನ ಹಾಗೆ ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. "ಕೋಪ ಬಂದಾಗ ಮಾತ್ರ ಹೀಗೆ" ಎಂದರು ಸಣ್ಣಗೆ.

"ಸುಳ್ಳು" ಎಂದ ಬಾಮೈದ. "ಚಿಕ್ಕೋನಿದ್ದಾಗ ನಂಗೆ ಬೀಳ್ತಿದ್ದ ಏಟೆಲ್ಲಾ ಆ ಕೈಯಿಂದ್ಲೇ. ನನ್ನ ಬಲಕೆನ್ನೆ ಇನ್ನೂ ದಪ್ಪ ಇದೆ ನೋಡಿ."

"ಮತ್ತೆ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?" ಎಂದು ಠಸ್ಸೆಯಪ್ಪನವರು ಕುರ್ಚಿಯ ಹಿಂದಿನಿಂದ ಎದ್ದರು.

"ನೀವು ಕೇಳಿದ್ರಾ ಭಾವ?"

ಹೆಂಡತಿ ಮೆಲ್ಲಗೆ ಹೇಳಿದರು. "ಅಜ್ಜಿ ಈ ಕೈನ ಬೆನ್ನಿಗೆ ಕಟ್ಟಿ ಬಲಗೈಲಿ ಬರೆಯೋದು ಕಲಿಸಿದ್ರು. ಮದುವೆ ಗೊತ್ತಾದಾಗ ಅಮ್ಮ, ಗಂಡನ ಮುಂದೆ ಮಾತ್ರ ಎಡಗೈ ಆಡಿಸ್ಬೇಡ, ನಗ್ತಾರೆ ಅಂದ್ರು. ನಿಮ್ಮೆದುರು ಬಲಗೈ. ಅಡುಗೆಮನೆ ಬಾಗಿಲು ಹಾಕ್ಕೊಂಡ್ರೆ ಹೆಚ್ಚೋದು, ಕಲಸೋದು, ಎಲ್ಲಾ ಎಡಗೈ. ಒಂದು ದಿನ, ಒಂದೇ ಒಂದು ದಿನ ನೀವು ಅಡುಗೆಮನೆಗೆ ಬಂದಿದ್ರೆ ಗೊತ್ತಾಗಿರೋದು."

ಕಣ್ಣಿಗೆ ಪೊರೆ ಬಂದದ್ದು ಮನೆಯಲ್ಲಿ ಒಬ್ಬರಿಗೆ ಮಾತ್ರ ಎಂದು ಠಸ್ಸೆಯಪ್ಪನವರು ಅದುವರೆಗೆ ನಂಬಿದ್ದರು. ಕಾಲ ಬಳಿ ಬಿದ್ದಿದ್ದ ಹಣ್ಣನ್ನು ಎತ್ತಿಕೊಂಡು, ಒರೆಸಿ, ಹೆಂಡತಿಯ ಎಡಗೈ ಹುಡುಕಿ ಅದರೊಳಗೆ ಇಟ್ಟರು.

"ಇನ್ನೊಂದು ಹೊಡಿ. ಇದು ನನಗೆ ಸಲ್ಲಬೇಕಾದ್ದೇ."

ಆಕೆ ಹೊಡೆಯಲಿಲ್ಲ. ಸಿಪ್ಪೆ ಸುಲಿದರು. ಎಲ್ಲರೂ ನೋಡುತ್ತಿರುವಾಗ, ಎಡಗೈಯಲ್ಲೇ, ಒಂದೇ ಎಳೆಯಲ್ಲಿ ಸುರುಳಿ ಸುರುಳಿಯಾಗಿ ಇಡೀ ಸಿಪ್ಪೆ ಇಳಿಸಿದರು. ದರ್ಜಿ ಬಾಯಿ ಬಿಟ್ಟುಕೊಂಡು ನೋಡಿ, ಜೇಬಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಹೆಸರು ಹೊಡೆದುಹಾಕಿ ಹೊಸ ಹೆಸರು ಬರೆದುಕೊಂಡರು.

"ಅಮ್ಮ, ಬಾಳಸಂಗಾತಿ ಅನ್ನೋ ಕಡೆ ಇವರನ್ನೇ ಹಾಕ್ಲಾ?"

ಹೆಂಡತಿ ಮೊದಲು ಕಿತ್ತಳೆಯ ಒಂದು ತೊಳೆ ಬಿಡಿಸಿ, ನಿಧಾನವಾಗಿ ತಿಂದು ಮುಗಿಸಿದರು. ಠಸ್ಸೆಯಪ್ಪನವರಿಗೆ ಬೆವರು ಬಂತು.

"ಹಾಕಿ" ಎಂದರು. "ಹಲ್ಲು ನೋಡಿಸ್ಬೇಕಿತ್ತು ಇವರಿಗೂ."

ಮುಂದಿನ ತಿಂಗಳು ಒಂದು ಕಣ್ಣು, ಅದರ ಮುಂದಿನ ತಿಂಗಳು ಇನ್ನೊಂದು. ಪಟ್ಟಿ ಬಿಚ್ಚಿದ ದಿನ ಆಕೆ ಮೊದಲು ಕಿಟಕಿ ನೋಡಿದರು, ಆಮೇಲೆ ಕಿಟಕಿಯಾಚೆ ಮರದ ಒಂದೊಂದು ಎಲೆಯನ್ನೂ ಬೇರೆ ಬೇರೆಯಾಗಿ ನೋಡಿದರು. ಸುದ್ದಿಯಕ್ಕನನ್ನು ನೋಡಿ, "ದನಿ ಕೇಳಿ ನೀವು ಸಣ್ಣಗಿದ್ದೀರಿ ಅಂದ್ಕೊಂಡಿದ್ದೆ" ಎಂದರು. ಬೀದಿಗೆ ಹೋಗದೆ ಸುದ್ದಿಯಕ್ಕನಲ್ಲೇ ಉಳಿದ ಸುದ್ದಿ ಅದೊಂದೇ.

ಸಂಘದ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ಆಕೆ ಒಬ್ಬೊಬ್ಬರ ಮುಖವನ್ನೂ ಕಣ್ತುಂಬ ನೋಡಿ ಎಡಗೈ ಕುಲುಕಿದರು. ಜೀವಮಾನದಲ್ಲಿ ಮೊದಲ ಸಲ, ಜನರ ನಡುವೆ, ಯಾರ ಅಪ್ಪಣೆಯೂ ಇಲ್ಲದೆ ಎಡಗೈಯಲ್ಲಿ ಚಹಾ ಕಲಕಿದರು. ಸಾಲಿನ ಕೊನೆಯ ಮುದುಕರೊಬ್ಬರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಠಸ್ಸೆಯಪ್ಪನವರನ್ನು ಅನುಮಾನದಿಂದ ನೋಡಿ, "ಇವರು?" ಎಂದು ಕೇಳಿದರು.

ಆಕೆ ಗಂಡನ ಹೆಗಲ ಮೇಲೆ ಕೈಯಿಟ್ಟರು.

"ನಮ್ಮನೆಯವರು. ಬಲಗೈ. ಪಾಪ, ಹುಟ್ಟಿದಾಗಿಂದ ಹೀಗೇ. ನೀವು ಯಾರೂ ನಗ್ಬೇಡಿ, ಮನುಷ್ಯ ಬಹಳ ಒಳ್ಳೆಯವರು."